ಗಾಳ ಹಾಕಿ ಮಲಗಿದರೆ ಮೆಂಡಿಂಗ್ ಸಿಗುತ್ತದೆ

ಸ್ಯಾಂಡ್‌ಬಾಕ್ಸ್ ಗೇಮ್‌ಗಳಲ್ಲಿ, ಅಂದರೆ ಮನಸ್ಸಿಗೆ ಬಂದ ಹಾಗೆ ಆಡಬಹುದಾದ ವಿಡಿಯೋ ಗೇಮ್‌ಗಳಲ್ಲಿ, ಮೀನು ಹಿಡಿಯೋ ಕೆಲಸ ಸರಿಯಾದ ಅಳತೆಗೆ ಕೂರುವುದೇ ಕಡಿಮೆ. ಒಂದೋ ಅದರಿಂದ ಇಡೀ ಆಟ ಸಪ್ಪೆಯಾಗುತ್ತದೆ, ಇಲ್ಲಾಂದ್ರೆ ಗಾಳ ಮುಟ್ಟೋಕೆ ಯಾರಿಗೂ ಮನಸ್ಸೇ ಬರುವುದಿಲ್ಲ. ನನ್ನ ಪ್ರಕಾರ ಕಾರಣ ಇಷ್ಟೇ. ಬೇರೆ ಎಲ್ಲ ಕೆಲಸಕ್ಕೂ ಏನಾದರೂ ಖರ್ಚಿದೆ. ಗಣಿಗೆ ಇಳಿದರೆ ಪಿಕಾಕ್ಸ್ ಸವೆಯುತ್ತದೆ, ಗುಹೆಯಲ್ಲಿ ದಾರಿ ತಪ್ಪುತ್ತದೆ, ಲಾವಾಕ್ಕೆ ಬಿದ್ದರೆ ಹೊತ್ತಿದ್ದೆಲ್ಲ ಸುಟ್ಟು ಹೋಗುತ್ತದೆ. ಮೀನಿಗೆ ಕೊಡಬೇಕಾದ್ದು ಬರೀ ಹೊತ್ತು. ಆ ಹೊತ್ತನ್ನೂ ನಮ್ಮ ಬದಲು ಕಂಪ್ಯೂಟರೇ ಕೊಟ್ಟರೆ ಸಿಕ್ಕಿದ್ದೆಲ್ಲ ಪುಕ್ಕಟೆ.

ಮೈನ್‌ಕ್ರಾಫ್ಟ್‌ನಿಂದಲೇ ಶುರು ಮಾಡೋಣ. ಮೊದಲು ಅದರಲ್ಲಿ ಗಾಳಕ್ಕೆ ಮೀನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. 2013ರ 1.7 ಅಪ್‌ಡೇಟ್‌ನಲ್ಲಿ ನಿಧಿ ಮತ್ತು ಕಸ ಎರಡೂ ಸೇರಿದವು. ನೂರಕ್ಕೆ 85 ಸಲ ಮೀನು, 10 ಸಲ ಹಳೇ ಬೂಟು ಥರದ ಕಸ, 5 ಸಲ ನಿಧಿ. ನಿಧಿ ಅಂದರೆ ಬಿಲ್ಲು, ಕುದುರೆ ಜೀನು, ನೇಮ್ ಟ್ಯಾಗ್, ಸಾಮಾನಿಗೆ ವಿಶೇಷ ಶಕ್ತಿ ಕೊಡುವ ಮಂತ್ರಿಸಿದ ಪುಸ್ತಕ. (ಇಲ್ಲಿ ಬಾಗಲಕೋಟೆಯ ಹಿನ್ನೀರಿನಲ್ಲಿ ಗಾಳ ಹಾಕಿದರೆ ಅದೃಷ್ಟ ಇದ್ದವನಿಗೆ ಕಟ್ಲಾ ಸಿಗಬಹುದು, ಜೀನಂತೂ ಸಿಗುವುದಿಲ್ಲ.) ಲಕ್ ಆಫ್ ದ ಸೀ ಅನ್ನೋ ಅದೃಷ್ಟದ ಮಂತ್ರ ಮೂರನೇ ಮಟ್ಟದ್ದು ಗಾಳಕ್ಕೆ ಹಾಕಿದರೆ ನಿಧಿಯ ಪಾಲು 11ರ ಆಸುಪಾಸು ಹೋಗುತ್ತದೆ.

ಐದೋ ಹನ್ನೊಂದೋ, ಕೈಯಲ್ಲಿ ಆಡೋನಿಗೆ ಇದೇನು ಜಾಸ್ತಿ ಅಲ್ಲ. ಆದರೆ ಕೈಯಲ್ಲಿ ಆಡಿದವರು ಯಾರು? ಒಂದೇ ಬ್ಲಾಕ್‌ನಷ್ಟು ನೀರು, ಅದರ ಕೆಳಗೆ ಬಿದ್ದದ್ದನ್ನು ಹಿಡಿದು ಕೆಳಕ್ಕೆ ಹಾಕುವ ಹಾಪರ್, ಹಾಪರ್ ಕೆಳಗೆ ಪೆಟ್ಟಿಗೆ, ಎದುರಿಗೆ ಸ್ವರ ಹೊಮ್ಮಿಸುವ ಒಂದು ನೋಟ್ ಬ್ಲಾಕ್. ಮೌಸ್‌ನ ಬಲಗಡೆ ಬಟನ್ ಒತ್ತಿ ಹಿಡಿದರೆ ಸಾಕು, ಗಾಳ ತಾನೇ ಬೀಳುತ್ತದೆ, ತಾನೇ ಏಳುತ್ತದೆ. ನಮ್ಮ ಮಾವನ ಮಗ ನವನಗರದ ಮನೆಯಲ್ಲಿ ಆ ಬಟನ್ ಮೇಲೆ ಸೆಲ್ಲೋಟೇಪ್ ಸುತ್ತಿ, ಟೇಪ್ ಸಡಿಲಾಗಬಾರದು ಅಂತ ಅದರಡಿ ಮಡಚಿದ ಬಸ್ ಟಿಕೆಟ್ ತುರುಕಿ ಮಲಗುತ್ತಿದ್ದ. ಬೆಳಗ್ಗೆ ಪೆಟ್ಟಿಗೆ ತುಂಬ ಪುಸ್ತಕ. ಅದರಲ್ಲಿ ಎಲ್ಲೋ ಒಂದು ಮೆಂಡಿಂಗ್, ಅಂದರೆ ಸವೆದ ಸಾಮಾನನ್ನು ರಿಪೇರಿ ಮಾಡುವ ಮಂತ್ರ. ಅತ್ತೆ ಕಸ ಗುಡಿಸೋಕೆ ಬಂದವರು ಸ್ಕ್ರೀನ್ ನೋಡಿ, "ಯಾರೂ ಕುಂತಿಲ್ಲ, ಮತ್ತ ಆಟ ಹೆಂಗ ನಡದೈತೋ?" ಅಂದಿದ್ದರು. ಬ್ಯಾಲೆನ್ಸ್ ಬಗ್ಗೆ ನಾನು ಓದಿದ ಉದ್ದುದ್ದ ಬರಹಗಳಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆ ಕಂಡಿಲ್ಲ.

ಮೆಂಡಿಂಗ್ ಬಂದ ಮೇಲೆ ಆಗೋದೇನು ಅಂತ ಆಡಿದವರಿಗೆ ಗೊತ್ತು. ಸಾಮಾನು ಸವೆಯುವ ಭಯವೇ ಹೋಗುತ್ತದೆ. ಒಂದು ಸಲ ಒಳ್ಳೆ ಪಿಕಾಕ್ಸ್ ಆಯಿತು ಅಂದರೆ ಮತ್ತೆ ವಜ್ರ ಹುಡುಕುವ ಗರಜು ಅಷ್ಟಾಗಿ ಇರುವುದಿಲ್ಲ. ಅಂದರೆ ಮೀನು ಹಿಡಿಯೋ ಕೆಲಸ ಗಣಿ ಕೆಲಸವನ್ನು ತಿಂದುಹಾಕಿತು, ಅದೂ ಆಡುವವನು ನಿದ್ದೆ ಹೊಡೆಯುತ್ತಿದ್ದಾಗ.

2020ರ 1.16ರಲ್ಲಿ ಮೈನ್‌ಕ್ರಾಫ್ಟ್ ಮಾಡುವ ಮೊಜಾಂಗ್ ಕಂಪನಿ ಇದಕ್ಕೆ ಕಡಿವಾಣ ಹಾಕಿತು. ಗಾಳದ ಬೆಂಡಿನ ಸುತ್ತ 5 ಬ್ಲಾಕ್ ಅಗಲ, 5 ಉದ್ದ, 4 ಎತ್ತರದಷ್ಟು ಜಾಗದಲ್ಲಿ ಕೆಳಗೆ ನೀರು, ಮೇಲೆ ಗಾಳಿ ಬಿಟ್ಟು ಬೇರೆ ಅಡ್ಡಿ ಇರಬಾರದು, ಇಲ್ಲದಿದ್ದರೆ ಮೀನು ಬರುತ್ತದೆ, ನಿಧಿ ಬರುವುದಿಲ್ಲ. ಯೋಚನೆ ನನಗೆ ಹಿಡಿಸಿತು. ಮೀನು ಕಡಿಮೆ ಮಾಡಲಿಲ್ಲ, ಶೇಕಡಾ ಲೆಕ್ಕ ಮುಟ್ಟಲಿಲ್ಲ, ಕೆರೆ ಹತ್ತಿರ ಹೋಗಿ ಕೂತ್ಕೋ ಅಂತ ಹೇಳಿದರು ಅಷ್ಟೇ. ಆದರೆ ಅದೇ ಮೆಂಡಿಂಗನ್ನು ಹಳ್ಳಿಯ ಲೈಬ್ರೇರಿಯನ್ ಪಚ್ಚೆಗೆ ಮಾರುವುದು ಹಾಗೇ ಉಳಿಯಿತು. ಲೆಕ್ಟರ್ನ್ (ಅವನ ಪುಸ್ತಕದ ಮೇಜು) ಒಡೆಯೋದು, ಮತ್ತೆ ಇಡೋದು, ಬೇಕಾದ ಪುಸ್ತಕ ಬರುವ ತನಕ ಅದನ್ನೇ ಮಾಡೋದು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. 2023ರಲ್ಲಿ ಲೈಬ್ರೇರಿಯನ್ ವ್ಯಾಪಾರವನ್ನೂ ಬದಲಿಸಿ, ಮೆಂಡಿಂಗ್ ಬೇಕಾದರೆ ಜೌಗು ಪ್ರದೇಶದ ಹಳ್ಳಿಗನನ್ನೇ ತಯಾರು ಮಾಡಿಕೊಳ್ಳಬೇಕು ಅಂತ ಒಂದು ಪ್ರಯೋಗ ತಂದರು. ಬೇಕಾದವರು ಆನ್ ಮಾಡಿಕೊಳ್ಳುವಂಥದ್ದು ಅದು, ಹಾಗಾಗಿ ಆನ್ ಮಾಡಿದವರು ನನಗೆ ಗೊತ್ತಿರೋರಲ್ಲಂತೂ ಯಾರೂ ಇಲ್ಲ.

ಸ್ಟಾರ್ಡ್ಯೂ ವ್ಯಾಲಿ ಅನ್ನೋ ಹೊಲ ಮಾಡುವ ಆಟದ ತೊಂದರೆ ಬೇರೆ ಥರದ್ದು. ಅಲ್ಲಿ ಮಲಗಿ ಮೀನು ಹಿಡಿಯೋಕೆ ಆಗಲ್ಲ, ಸ್ಕ್ರೀನ್ ಮೇಲಿನ ಹಸಿರು ಪಟ್ಟಿಯನ್ನು ಮೀನಿನ ಹಿಂದೆ ಓಡಿಸಬೇಕು. ಬಂದವನಿಗೆ ಬಂಗಾರ, ಬರದವನಿಗೆ ತಲೆನೋವು. ಮೊದಲ ವಸಂತದಲ್ಲಿ 20 ಗೋಲ್ಡ್ ಕೊಟ್ಟು ಬೀಜ ತಂದು, ದಿನಾ ನೀರು ಹಾಕಿ, ನಾಲ್ಕು ದಿನ ಕಾದು ಬೆಳೆದ ಪಾರ್ಸ್ನಿಪ್ ಗೆಡ್ಡೆ 35ಕ್ಕೆ ಹೋಗುತ್ತದೆ. ಮಳೆ ಬಂದ ದಿನ ಹೊಳೆಯಲ್ಲಿ ಒಂದು ಕ್ಯಾಟ್‌ಫಿಶ್ ಹಿಡಿದರೆ 200. ಹೀಗಿರುವಾಗ ಹೊಲ ಯಾರಿಗೆ ಬೇಕು ಹೇಳಿ! ಹೊಸಬರು ಮಾತ್ರ ಆ ಪಟ್ಟಿ ಕೈಗೆ ಸಿಗದೆ ಮೊದಲ ವಾರವೇ ಗಾಳವನ್ನು ಪೆಟ್ಟಿಗೆಗೆ ಎಸೆಯುತ್ತಾರೆ. ಆದರೂ ಇದನ್ನು ನಾನು ಒಪ್ಪುತ್ತೇನೆ. ಅಲ್ಲಿ ಹೊತ್ತಿಗೆ ಬೆಲೆ ಇದೆ. ರಾತ್ರಿ ಎರಡಕ್ಕೆ ದಿನ ಮುಗಿಯುತ್ತದೆ, ಗಾಳ ಎಸೆದಾಗೆಲ್ಲ ಶಕ್ತಿ ಇಳಿಯುತ್ತದೆ, ಮುಂದೆ ವೈನ್ ಮಾಡೋಕೆ ಶುರು ಮಾಡಿದ ಮೇಲೆ ಮೀನಿನ ದುಡ್ಡು ತಾನಾಗಿಯೇ ಚಿಲ್ಲರೆ ಅನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೆರೇರಿಯಾ ಅನ್ನೋ ಆಟ. 2014ರಲ್ಲಿ ಮೀನು ಹಿಡಿಯೋದನ್ನು ತಂದಾಗಲೇ ಗಾಳದ ಜೊತೆ ಎರೆಯನ್ನೂ ಕಡ್ಡಾಯ ಮಾಡಿದರು. ಎರೆ ಬೇಕಾದರೆ ಬಲೆ ಹಿಡಿದು ರಾತ್ರಿ ಮಿಂಚುಹುಳ ಅಟ್ಟಿಸಿಕೊಂಡು ಹೋಗಬೇಕು, ಎರೆಹುಳು ಹುಡುಕಬೇಕು. ನೀರು ಕಡಿಮೆಯಿದ್ದ ಗುಂಡಿಯಲ್ಲಿ ಏನೂ ಕಚ್ಚುವುದಿಲ್ಲ. ಅಂದರೆ ಮೀನು ಹಿಡಿಯೋಕೆ ಕೂರುವ ಮುಂಚೆ ಊರು ಸುತ್ತಲೇಬೇಕು. ನಮ್ಮ ಹಿನ್ನೀರಿನ ದಂಡೆಯಲ್ಲಿ ಬೆಳಗ್ಗೆ ಕೂರುವವರೂ ಮೊದಲು ಮಣ್ಣು ಕೆದರಿ ಡಬ್ಬಿ ತುಂಬಿಕೊಂಡೇ ಬರೋದು, ಅಲ್ವಾ?

ಅಲ್ಲೂ ಸಂದು ಇತ್ತು ಬಿಡಿ. ಆಟದ ಮೊದಲಾರ್ಧದಲ್ಲಿ ಗಾಳಕ್ಕೆ ಸಿಕ್ಕ ಕ್ರೇಟ್‌ಗಳನ್ನು (ಸಾಮಾನು ತುಂಬಿದ ಪೆಟ್ಟಿಗೆ) ಬಿಚ್ಚದೆ ಕೂಡಿಟ್ಟು, ವಾಲ್ ಆಫ್ ಫ್ಲೆಶ್ ಅನ್ನೋ ದೊಡ್ಡ ರಾಕ್ಷಸ ಸತ್ತ ಮೇಲೆ ಬಿಚ್ಚಿದರೆ ಹಾರ್ಡ್‌ಮೋಡ್‌ನ, ಅಂದರೆ ಆಟದ ಕಷ್ಟದ ದ್ವಿತೀಯಾರ್ಧದ, ಅದಿರು ಸಿಗುತ್ತಿತ್ತು. ಜನ ಪೆಟ್ಟಿಗೆಗಟ್ಟಲೆ ಕೂಡಿಟ್ಟರು. 2020ರ 1.4ರಲ್ಲಿ ಹಾರ್ಡ್‌ಮೋಡ್‌ಗೆ ಬೇರೆಯೇ ಕ್ರೇಟ್ ಮಾಡಿ ಅದನ್ನು ಮುಚ್ಚಿದರು. ಇನ್ನು ಇಂಥ ಮೀನು ತಾ ಅಂತ ಕೆಲಸ ಹೇಳುವ ಆ ಆಂಗ್ಲರ್ ಹುಡುಗ! ದಿನಕ್ಕೆ ಒಂದೇ ಕೆಲಸ ಹೇಳುತ್ತಾನೆ, ಆಟದ ಒಂದು ದಿನ ಅಂದರೆ ನಮ್ಮ 24 ನಿಮಿಷ, ಆಮೇಲೆ ಮನಸ್ಸಿಗೆ ಬಂದದ್ದು ಕೊಡುತ್ತಾನೆ. ಆಟದೊಳಗಿನ ಸೆಲ್ ಫೋನ್ ಅನ್ನೋ ಸಾಧನ ಜೋಡಿಸೋಕೆ ಬೇಕಾದ ಮೂರು ಸಾಮಾನು ಇವನ ಹತ್ತಿರವೇ ಇರೋದು. ಇಂಥವನಿಗೆ ಬೈಯದೆ ಇರೋಕೆ ತುಂಬಾ ತಾಳ್ಮೆ ಬೇಕು.

ಈಗ ನಾವು ಅಣ್ಣತಮ್ಮಂದಿರು ಸೇರಿ ಆಡುವ ಮೈನ್‌ಕ್ರಾಫ್ಟ್ ಸರ್ವರ್‌ಗೆ ನಾನೊಂದು ಸಣ್ಣ ಡೇಟಾಪ್ಯಾಕ್ (ಆಟದ ನಿಯಮ ಬದಲಿಸುವ ಫೈಲು) ಹಾಕಿದ್ದೇನೆ. ಗಾಳದ ನಿಧಿ ಪಟ್ಟಿಯಿಂದ ಪುಸ್ತಕ ತೆಗೆದೆ, ಉಳಿದದ್ದು ಹಾಗೇ ಬಿಟ್ಟೆ. ಲೈಬ್ರೇರಿಯನ್ ಪ್ರಯೋಗವನ್ನೂ ಆನ್ ಮಾಡಿದೆ. ಮಾವನ ಮಗನಿಗೆ ಸಿಟ್ಟು. "ಹಂಗಾದ್ರ ಮೀನ ಯಾಕ ಹಿಡೀಬೇಕಪಾ?" ಅಂತ ಕೇಳಿದ. "ತಿನ್ನಾಕ" ಅಂದೆ. ಅವನು ಆಗಲೇ ಜೌಗಿನ ಕಡೆ ದೋಣಿ ತಿರುಗಿಸಿದ್ದ.