ಜಪಾನಿನ ಗುಡಿ, ದೇವಾಲಯ, ತೋಟಗಳಿಗೆ ಹೊತ್ತು ನೋಡಿ ಹೋಗಿ

ಕ್ಯೋಟೊಗೆ ಹೊರಟವರ ಪಟ್ಟಿಯಲ್ಲಿ ದಿನಕ್ಕೆ ಏಳೆಂಟು ಹೆಸರುಗಳಿರುತ್ತವೆ. ಅಷ್ಟು ಆಗುವುದಿಲ್ಲ. ಬಹುತೇಕ ಬೌದ್ಧ ದೇವಾಲಯಗಳು ಬೆಳಗ್ಗೆ ಎಂಟೂವರೆಗೋ ಒಂಬತ್ತಕ್ಕೋ ತೆರೆದು, ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಮುಚ್ಚಿಬಿಡುತ್ತವೆ. ಟಿಕೆಟ್ ಕೊಡುವುದು ಅದಕ್ಕೂ ಅರ್ಧ ಗಂಟೆ ಮೊದಲೇ ನಿಲ್ಲುತ್ತದೆ. ನಡುವೆ ಬಸ್ಸಿಗೆ ಕಾಯುವುದು, ಇಳಿದು ನಡೆಯುವುದು, ಶೂ ಬಿಚ್ಚಿ ಹಾಕುವುದು ಎಲ್ಲ ಸೇರಿದರೆ ಹಗಲು ಹೇಗೆ ಕರಗಿತೆಂದೇ ಗೊತ್ತಾಗುವುದಿಲ್ಲ. ದಿನಕ್ಕೆ ಮೂರು ಜಾಗ ಸಾಕು. ಅವುಗಳಲ್ಲಿ ಒಂದನ್ನಾದರೂ ಬೆಳಗ್ಗೆ ಎಂಟರೊಳಗೆ ನೋಡುವ ಹಾಗೆ ಯೋಜನೆ ಹಾಕಿಕೊಳ್ಳಿ.

ಬೆಳಗಿನ ಹೊತ್ತಿಗೆ ಒದಗುವ ಜಾಗಗಳು ಕೆಲವೇ. ಫುಶಿಮಿ ಇನಾರಿ ಎಂಬ ಬೆಟ್ಟದ ಗುಡಿಗೆ ಮುಚ್ಚುವ ಬಾಗಿಲೇ ಇಲ್ಲ. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ, ಪ್ರವೇಶ ಶುಲ್ಕವೂ ಇಲ್ಲ. ಕ್ಯೋಟೊ ಸ್ಟೇಷನ್ನಿನಿಂದ ಜೆಆರ್ (ಜಪಾನ್ ರೈಲ್ವೆ) ಕಂಪನಿಯ ನಾರಾ ಮಾರ್ಗದಲ್ಲಿ ಐದು ನಿಮಿಷ. ಆದರೆ ಲೋಕಲ್ ರೈಲನ್ನೇ ಹತ್ತಬೇಕು. ಅದೇ ಹಳಿಯಲ್ಲಿ ಹೋಗುವ ವೇಗದ ರೈಲು ಇನಾರಿ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಅವಸರದಲ್ಲಿ ಹತ್ತಿದವರು ಮುಂದೆ ಎಲ್ಲೋ ಇಳಿದು ವಾಪಸ್ ಬರಬೇಕಾಗುತ್ತದೆ. ಬೆಟ್ಟದ ಎತ್ತರ 233 ಮೀಟರ್. ಪೂರ್ತಿ ಸುತ್ತಿ ಬರಲು ಎರಡರಿಂದ ಮೂರು ಗಂಟೆ ಬೇಕು. ಎಲ್ಲರೂ ಫೋಟೊ ತೆಗೆಯುವ ಕೆಂಪು ಕಮಾನುಗಳ ಸಾಲು ಬುಡದಲ್ಲೇ ಇರುವುದರಿಂದ ನೂಕುನುಗ್ಗಲೂ ಅಲ್ಲೇ. ಅರ್ಧ ದಾರಿಯಲ್ಲಿ ಊರು ಕಾಣುವ ಯೊತ್ಸುತ್ಸುಜಿ ದಾಟಿದರೆ ಜನ ತೆಳುವಾಗುತ್ತಾರೆ. ಕಿಯೊಮಿಝು-ದೇರಾ ಎಂಬ ಬೌದ್ಧ ದೇವಾಲಯ ಬೆಳಗ್ಗೆ ಆರಕ್ಕೇ ತೆರೆಯುತ್ತದೆ. ಅದರ ಮರದ ಜಗುಲಿ ನೆಲದಿಂದ ಸುಮಾರು 13 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಲ್ಲಲು ಜಾಗ ಸಿಗುವುದು ಆರರಿಂದ ಎಂಟರವರೆಗೆ ಮಾತ್ರ ಅಂದುಕೊಳ್ಳಿ.

ಜಪಾನಿನ ಸ್ವಂತ ಧರ್ಮವಾದ ಶಿಂತೊದ ಗುಡಿಗೂ ಬೌದ್ಧ ದೇವಾಲಯಕ್ಕೂ ನಡವಳಿಕೆ ಬೇರೆ. ಎರಡು ಕಂಬದ ಮೇಲೆ ಅಡ್ಡತೊಲೆ ಇಟ್ಟ ತೋರಿ ದ್ವಾರ ಕಂಡರೆ ಸಾಮಾನ್ಯವಾಗಿ ಗುಡಿ. ಚಾವಣಿಯುಳ್ಳ ದೊಡ್ಡ ಹೆಬ್ಬಾಗಿಲು, ಧೂಪದ ಹೊಗೆ, ಬುದ್ಧನದೋ ಬೋಧಿಸತ್ವರದೋ ಮೂರ್ತಿ ಇದ್ದರೆ ದೇವಾಲಯ. ತೋರಿ ದಾಟುವಾಗ ಒಮ್ಮೆ ತಲೆಬಾಗಿಸಿ ಪಕ್ಕಕ್ಕೆ ಸರಿದು ನಡೆಯಬೇಕು, ನಟ್ಟನಡುವಿನ ದಾರಿ ದೇವರದು. ಇಸೆ ಊರಿನ ಶಿಂತೊ ಗುಡಿಗಳಲ್ಲಿ ಇದಕ್ಕೂ ನಿಯಮವಿದೆ: ಹೊರಗುಡಿಯಾದ ಗೆಕುವಿನಲ್ಲಿ ಎಡಗಡೆ, ಒಳಗುಡಿಯಾದ ನೈಕುವಿನಲ್ಲಿ ಬಲಗಡೆ ನಡೆಯುತ್ತಾರೆ. ಗೆಕು ಮೊದಲು, ನೈಕು ಆಮೇಲೆ ಎನ್ನುವುದು ರೂಢಿ. ಈ ಗುಡಿಗಳನ್ನು 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. ಕಳೆದ ಸಲ 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಹಾಗಾಗಿ ಬೇಲಿಯ ಪಕ್ಕ ಬರಿದಾಗಿ ಕಾಣುವ ಅಂಗಳವನ್ನು ನೋಡದೆ ಬರಬೇಡಿ. ಮುಖ್ಯ ಗುಡಿಯ ಮೆಟ್ಟಿಲ ಬುಡದಿಂದ ಮುಂದೆ ಕ್ಯಾಮೆರಾ ಎತ್ತುವಂತಿಲ್ಲ.

ಕೈ ತೊಳೆಯುವ ಕಲ್ಲುತೊಟ್ಟಿಯ ಹತ್ತಿರ ಹೊಸಬರು ತಡವರಿಸುತ್ತಾರೆ. ಒಂದೇ ಸೌಟು ನೀರಿನಲ್ಲಿ ಎಲ್ಲ ಮುಗಿಯಬೇಕು. ಬಲಗೈಯಲ್ಲಿ ಸೌಟು ಹಿಡಿದು ಎಡಗೈಗೆ ಹಾಕಿ. ಕೈ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಬೊಗಸೆಗೆ ನೀರು ಸುರಿದು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗಿನ ಕಾಲುವೆಗೆ ಉಗುಳಿ. ಆ ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ನಂತರ ಬೋರಲು ಹಾಕಿ ಇಡಿ. ಸೌಟಿಗೆ ಬಾಯಿ ಹಚ್ಚಬಾರದು, ಬಳಸಿದ ನೀರು ತೊಟ್ಟಿಗೆ ಮರಳಿ ಬೀಳಬಾರದು. ಮೊದಲ ಸಲವೇ ನೀರು ಮುಗಿಸಿಬಿಟ್ಟರೆ ಹಿಡಿ ತೊಳೆಯಲು ಏನೂ ಉಳಿಯುವುದಿಲ್ಲ, ಆದ್ದರಿಂದ ಸ್ವಲ್ಪಸ್ವಲ್ಪವೇ ಹಾಕಿಕೊಳ್ಳಿ. 2020ರ ನಂತರ ಎಷ್ಟೋ ಕಡೆ ಸೌಟುಗಳನ್ನೇ ತೆಗೆದು ಬಿದಿರ ಕೊಳವೆಯಿಂದ ನೀರು ಹರಿಯಬಿಟ್ಟಿದ್ದಾರೆ. ಅಲ್ಲಿ ಎರಡೂ ಕೈ ತೊಳೆದರೆ ಸಾಕು.

ಗುಡಿಯ ಮುಂದೆ ನಾಣ್ಯವನ್ನು ಎಸೆಯದೆ ಮೆಲ್ಲಗೆ ಹುಂಡಿಗೆ ಬಿಡಿ, ಗಂಟೆಯಿದ್ದರೆ ಹಗ್ಗ ಅಲ್ಲಾಡಿಸಿ. ಎರಡು ಸಲ ಸೊಂಟದಿಂದ ಬಾಗಿ, ಎದೆಮಟ್ಟದಲ್ಲಿ ಕೈ ಜೋಡಿಸಿ, ಬಲಗೈಯನ್ನು ಬೆರಳ ಗೆಣ್ಣಿನಷ್ಟು ಕೆಳಗೆ ಸರಿಸಿ ಎರಡು ಚಪ್ಪಾಳೆ. ಕೈ ಮತ್ತೆ ಸಮ ಮಾಡಿ ಪ್ರಾರ್ಥನೆ, ಕೊನೆಗೊಂದು ಬಾಗು. ಇಝುಮೊ ತೈಶಾ, ಊಸಾ ಜಿಂಗೂ ಎಂಬ ಗುಡಿಗಳಲ್ಲಿ ನಾಲ್ಕು ಚಪ್ಪಾಳೆ. ದೇವಾಲಯದಲ್ಲಿ ಚಪ್ಪಾಳೆ ಬೇಡವೇ ಬೇಡ, ಸುಮ್ಮನೆ ಕೈಮುಗಿಯುವುದು. ಊದುಬತ್ತಿಯನ್ನು ಅಲ್ಲಿರುವ ದೀಪದಿಂದ ಹಚ್ಚಿ, ಜ್ವಾಲೆಯನ್ನು ಬಾಯಿಂದ ಊದದೆ ಕೈಯಿಂದ ಬೀಸಿ ಆರಿಸುತ್ತಾರೆ.

ಕನ್ನಡದ ಓದುಗರು ಕ್ಯೋಟೊದ ಸಾಂಜೂಸಾಂಗೆನ್-ದೋ ದೇವಾಲಯವನ್ನು ಬಿಡಬಾರದೆಂದು ನನ್ನ ಆಗ್ರಹ. 1266ರಲ್ಲಿ ಮತ್ತೆ ಕಟ್ಟಿದ ಆ ಉದ್ದನೆಯ ಸಭಾಂಗಣದಲ್ಲಿ ಕನ್ನೊನ್ ಎಂಬ ಬೋಧಿಸತ್ವರ (ನಮ್ಮ ಅವಲೋಕಿತೇಶ್ವರ) 1,001 ಮೂರ್ತಿಗಳಿವೆ. ಅವುಗಳ ಮುಂದಿನ ಸಾಲಿನಲ್ಲಿ ನಿಂತ 28 ರಕ್ಷಕರಲ್ಲಿ ಇಂದ್ರನೂ ಗರುಡನೂ ಇದ್ದಾರೆ, ಜಪಾನೀ ಹೆಸರಿನಲ್ಲಿ, ಜಪಾನೀ ಉಳಿಯಲ್ಲಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಆದ್ದರಿಂದ ನಿಧಾನವಾಗಿ ಕಣ್ಣಲ್ಲೇ ನೋಡಿ.

ಒಳಗೆ ಹೋಗಬೇಕಾದಲ್ಲೆಲ್ಲ ಶೂ ಬಿಚ್ಚಬೇಕು. ಲೇಸ್ ಕಟ್ಟುವ ಶೂ ಬೇಡ. ತೂತಿಲ್ಲದ ಕಾಲುಚೀಲ ಇರಲಿ, ಚಳಿಗಾಲದಲ್ಲಿ ದಪ್ಪನೆಯದೇ ಆಗಬೇಕು. ಜನವರಿಯಲ್ಲಿ ಆ ಮರದ ಹಲಗೆಗಳ ಮೇಲೆ ತೆಳು ಕಾಲುಚೀಲದಲ್ಲಿ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಶೂ ಕೈಯಲ್ಲೇ ಒಯ್ಯಬೇಕಾದ ಕಡೆಗಳಿಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಹೊಸ್ತಿಲ ಮೇಲೆ, ತಾತಾಮಿ ಚಾಪೆಯ ಅಂಚಿನ ಮೇಲೆ ಕಾಲಿಡಬೇಡಿ. ತಾತಾಮಿಯ ಮೇಲೆ ಚಪ್ಪಲಿಯೂ ಸಲ್ಲದು. ಬೆನ್ನಿಗೆ ಹಾಕಿದ ಚೀಲವನ್ನು ಮುಂದಕ್ಕೆ ತಂದುಕೊಳ್ಳಿ. ಇಕ್ಕಟ್ಟಿನ ಹಜಾರದಲ್ಲಿ ತಿರುಗುವಾಗ ಕಾಗದದ ಬಾಗಿಲು ಹರಿಯುವುದು ಹಾಗೆಯೇ.

ಗೊಶುಇನ್ ಎಂದರೆ ಗುಡಿಯವರು ಕುಂಚದಿಂದ ಹೆಸರು, ದಿನಾಂಕ ಬರೆದು ಒತ್ತಿಕೊಡುವ ಕೆಂಪು ಮುದ್ರೆ. ಸಾಮಾನ್ಯವಾಗಿ 300ರಿಂದ 500 ಯೆನ್. ಅದಕ್ಕೆಂದೇ ಮಡಿಕೆ ಮಡಿಕೆಯಾದ ಪುಸ್ತಕ ಅಲ್ಲೇ ಸಿಗುತ್ತದೆ. ಮಾಮೂಲಿ ನೋಟ್‌ಬುಕ್ ಚಾಚಿದರೆ ಬರೆದುಕೊಡುವುದಿಲ್ಲ. ದರ್ಶನ ಮುಗಿಸಿದ ಮೇಲೆ, ಬರೆಸಬೇಕಾದ ಪುಟವನ್ನು ತೆರೆದು, ಸರಿಯಾದ ಚಿಲ್ಲರೆಯೊಂದಿಗೆ ಕೊಡಿ. ಶಾಯಿ ಒಣಗಲು ಹೊತ್ತು ಬೇಕು. ಕೊಟ್ಟ ಹೀರುಕಾಗದವನ್ನು ತೆಗೆದುಹಾಕಿದರೆ ಎದುರು ಪುಟಕ್ಕೆ ಕಲೆ ಅಂಟುತ್ತದೆ. ಸಣ್ಣ ದೇವಾಲಯಗಳಲ್ಲಿ ಟಿಕೆಟ್ಟಿಗೂ ನಗದೇ ಆಗಬೇಕಾಗುತ್ತದೆ, ಹಾಗಾಗಿ ನೂರು ಯೆನ್ ನಾಣ್ಯಗಳನ್ನು ಖರ್ಚು ಮಾಡಿಬಿಡಬೇಡಿ.

ತೋಟಗಳ ವಿಷಯಕ್ಕೆ ಬಂದರೆ, ಮೊದಲು ಕೇಳಿಕೊಳ್ಳಬೇಕಾದದ್ದು ಇದು ಕೂತು ನೋಡುವ ತೋಟವೋ, ನಡೆದು ನೋಡುವುದೋ ಎಂದು. ಕ್ಯೋಟೊದ ರ್ಯೋಆನ್-ಜಿ ದೇವಾಲಯದ ಕಲ್ಲು-ಜಲ್ಲಿಯ ಅಂಗಳ ಕೂತು ನೋಡುವಂಥದ್ದು. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲ, ಐದು ಗುಂಪುಗಳಲ್ಲಿ 15 ಕಲ್ಲು. ಜಗುಲಿಯಲ್ಲಿ ಎಲ್ಲಿ ಕೂತರೂ ಒಂದು ಕಲ್ಲಾದರೂ ಮರೆಯಾಗುತ್ತದೆ. ಎರಡು ನಿಮಿಷ ನಿಂತು ಹೊರಟವರಿಗೆ ಬರೀ ಜಲ್ಲಿ ಕಂಡಿರುತ್ತದೆ. ಇಪ್ಪತ್ತು ನಿಮಿಷ ಕೂತು, ಆಮೇಲೆ ಜಗುಲಿಯ ಇನ್ನೊಂದು ತುದಿಗೆ ಸರಿದು ಕೂತರೆ ಕಲ್ಲುಗಳ ನಡುವಿನ ಅಂತರಗಳೇ ಬದಲಾಗುವುದು ತಿಳಿಯುತ್ತದೆ. ಅದಕ್ಕೂ ಜಗುಲಿ ಖಾಲಿ ಇರಬೇಕು. ಮಾರ್ಚ್‌ನಿಂದ ನವೆಂಬರ್‌ವರೆಗೆ ಎಂಟಕ್ಕೆ, ಚಳಿಗಾಲದಲ್ಲಿ ಎಂಟೂವರೆಗೆ ಬಾಗಿಲು ತೆರೆಯುತ್ತದೆ. ಅದೇ ಊರಿನ ತೋಫುಕು-ಜಿ ದೇವಾಲಯದಲ್ಲಿ ತೋಟಗಳ ವಿನ್ಯಾಸಕ ಶಿಗೆಮೊರಿ ಮಿರೇ 1939ರಲ್ಲಿ ಪೂರೈಸಿದ ನಾಲ್ಕು ಅಂಗಳಗಳೂ ಇದೇ ಬಗೆಯವು. ಕಲ್ಲುಚಪ್ಪಡಿ ಮತ್ತು ಪಾಚಿಯ ಚದುರಂಗದ ಮನೆಗಳಿರುವುದು ಅದರ ಉತ್ತರ ಭಾಗದಲ್ಲಿ.

ನಡೆದು ನೋಡುವ ಕೊಳದ ತೋಟಗಳಲ್ಲಿ ದಾರಿಯೇ ಮುಖ್ಯ. ಮೆಟ್ಟುಗಲ್ಲುಗಳು ಚಿಕ್ಕವಾಗಿ, ಏರುಪೇರಾಗಿ ಇರುವಲ್ಲಿ ಕಣ್ಣು ನೆಲ ನೋಡುತ್ತದೆ. ದೊಡ್ಡ ಚಪ್ಪಡಿ ಬಂದಾಗ ನಿಂತು ತಲೆ ಎತ್ತಿ. ನೋಟ ಅಲ್ಲೇ ಇಟ್ಟಿರುತ್ತದೆ. ಕಪ್ಪು ಹಗ್ಗ ಕಟ್ಟಿದ ಮುಷ್ಟಿಗಾತ್ರದ ಕಲ್ಲು ದಾರಿಯಲ್ಲಿದ್ದರೆ ಅಲ್ಲಿಂದ ಮುಂದೆ ಹೋಗಬಾರದು ಎಂದರ್ಥ. ಫಲಕ ಇರುವುದಿಲ್ಲ, ಅದನ್ನು ದಾಟಿ ಪಾಚಿ ತುಳಿಯುವವರು ಈ ಗುರುತು ಗೊತ್ತಿಲ್ಲದವರು. ಪಾಚಿ ನೋಡಲು ಜೂನ್ ತಿಂಗಳ ಮಳೆಯೇ ಒಳ್ಳೆಯದು, ಜನವೂ ಕಡಿಮೆ. ಕಾನಾಝಾವಾ ನಗರದ ತೋಟವಾದ ಕೆನ್ರೊಕು-ಎನ್‌ಗೆ ಹೋಗುವುದಾದರೆ ನವೆಂಬರ್ ಒಂದರ ನಂತರ ಹೋಗಿ: ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಪೈನ್ ಮರಗಳಿಗೆ ತುದಿಯಿಂದ ಹಗ್ಗ ಇಳಿಬಿಟ್ಟು ಕಟ್ಟುವ ಕೆಲಸ ಅಂದು ಶುರುವಾಗುತ್ತದೆ.

ಮುಂಗಡ ಕಾಯ್ದಿರಿಸದೆ ಹೋದರೆ ಬಾಗಿಲಲ್ಲೇ ನಿಲ್ಲಿಸುವ ಜಾಗಗಳೂ ಇವೆ. ಪಾಚಿಯ ತೋಟವಿರುವ ಕ್ಯೋಟೊದ ಸೈಹೋ-ಜಿ ದೇವಾಲಯ 1977ರಿಂದ ಹಾಗಿದೆ. ಆನ್‌ಲೈನಿನಲ್ಲೋ ಮಾರುತ್ತರದ ಅಂಚೆ ಕಾರ್ಡಿನಲ್ಲೋ ಮೊದಲೇ ಕೇಳಿಕೊಳ್ಳಬೇಕು. ಶುಲ್ಕ 4,000 ಯೆನ್‌ನಿಂದ ಶುರು. ದುಬಾರಿಯೇ, ಆದರೂ ಒಳಗೆ ಬಿಡುವುದು ಕೆಲವೇ ಜನರನ್ನಾದ್ದರಿಂದ ಕೊಟ್ಟ ಹಣಕ್ಕೆ ಮೋಸವಿಲ್ಲ. ಕ್ಯೋಟೊದ ಕತ್ಸುರಾ ಅರಮನೆಯ ತೋಟಕ್ಕೆ ರಾಜಮನೆತನ ನೋಡಿಕೊಳ್ಳುವ ಇಲಾಖೆಯ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಸುಮಾರು ಒಂದು ಗಂಟೆ ಮಾರ್ಗದರ್ಶಕರ ಹಿಂದೆ ನಡೆಯುವುದು, ಗುಂಪಿನ ಹಿಂದೆ ಇನ್ನೊಬ್ಬ ಸಿಬ್ಬಂದಿ ಬರುತ್ತಿರುತ್ತಾರೆ, ಹಾಗಾಗಿ ಬೇಕಾದಲ್ಲಿ ನಿಂತು ನೋಡಲಾಗದು.

ಮಿಯಾಜಿಮಾ ದ್ವೀಪದ ಇತ್ಸುಕುಶಿಮಾ ಗುಡಿಗೆ ಹೋಗುವವರು ಗಡಿಯಾರಕ್ಕಿಂತ ಮೊದಲು ಆ ದಿನದ ಉಬ್ಬರವಿಳಿತದ ಪಟ್ಟಿ ನೋಡಬೇಕು. ನೀರು 250 ಸೆಂಟಿಮೀಟರ್ ದಾಟಿದರೆ ಗುಡಿ ಸಮುದ್ರದ ಮೇಲೆ ತೇಲಿದಂತಿರುತ್ತದೆ. 100ಕ್ಕಿಂತ ಇಳಿದರೆ 1875ರಲ್ಲಿ ನಿಲ್ಲಿಸಿದ ದೊಡ್ಡ ತೋರಿಯ ಬುಡದವರೆಗೆ ನಡೆದು ಹೋಗಬಹುದು. ಎರಡರ ನಡುವೆ ಸುಮಾರು ಆರು ಗಂಟೆ. ಎರಡೂ ಹಗಲಿನಲ್ಲೇ ಬೀಳುವ ದಿನವನ್ನು ಆರಿಸಿಕೊಂಡು ಆಮೇಲೆ ಹೋಟೆಲ್ ಬುಕ್ ಮಾಡಿ. ಕೆಸರಿಗೆ ಇಳಿಯುವುದಾದರೆ ಬಿಳಿ ಶೂ ಬೇಡ.