"ಬೋಲ್ಟ್ ತಾನಾಗೇ ಮುರೀತು ಸಾರ್"

ಹತ್ತೊಂಬತ್ತು ವರ್ಷ ಗಾಡಿ ಕಂಪನಿಯ ಮೆಟೀರಿಯಲ್ಸ್ ಲ್ಯಾಬಲ್ಲಿ ಕಳೆದು ಈಗ ಯೂನಿವರ್ಸಿಟೀಲಿ ಫೇಲ್ಯೂರ್ ಅನಾಲಿಸಿಸ್ (ಪಾರ್ಟ್ ಯಾಕೆ ಮುರೀತು ಅಂತ ಹುಡುಕೋದು) ಪಾಠ ಮಾಡ್ತಿದೀನಿ. ಬರುವಾಗ ತಂದ ಆಸ್ತಿ ಅಂದ್ರೆ ಡ್ರಾಯರ್‌ನಲ್ಲಿದ್ದ ಮುರಿದ ಪಾರ್ಟ್‌ಗಳು. ಅದ್ರಲ್ಲಿ ತಲೆ ಕಿತ್ತುಹೋದ ಒಂದು 12.9 ಬೋಲ್ಟ್ (ತುಂಬಾ ಗಟ್ಟಿ ಉಕ್ಕಿನ ಗ್ರೇಡ್) ಇದೆ, ಫೆಟೀಗ್ (ಲೋಡ್ ಮತ್ತೆ ಮತ್ತೆ ಬಿದ್ದು ಮುರಿಯೋದು) ಚಾಪ್ಟರ್ ಬಂದಾಗೆಲ್ಲ ಅದನ್ನ ಕೈಲಿ ಹಿಡಿದು ಒಂದು ಕಥೆ ಹೇಳ್ತೀನಿ. ಮೂರು ಬ್ಯಾಚ್ ಹುಡುಗ್ರು ಅದಕ್ಕೆ ನಕ್ಕಿದಾರೆ.

ಕಥೆ ಇಷ್ಟೇ. ಯಾರ್ಡ್‌ನಲ್ಲಿ ನಿಲ್ಸಿದ್ದ ಗಾಡಿ ಕೆಳಗೆ ಬೆಳಿಗ್ಗೆ ಬೋಲ್ಟ್ ತಲೆ ಬಿದ್ದಿತ್ತು. ಲೈನ್ ಆಪರೇಟರನ್ನ ಕರೆದು ಕೇಳಿದ್ರೆ "ನಿನ್ನೆ ಸಂಜೆ ನಾನೇ ಟೈಟ್ ಮಾಡಿದ್ದೆ ಸಾರ್, ಸರಿಯಾಗೇ ಇತ್ತು, ರಾತ್ರಿ ತಾನಾಗೇ ಮುರೀತು" ಅಂದ್ರು. ಇಲ್ಲಿ ನಾನು ಸ್ವಲ್ಪ ಆಕ್ಟಿಂಗ್ ಬೇರೆ ಮಾಡ್ತಿದ್ದೆ. ಟಾರ್ಕ್ ಕಡಿಮೆ ಹಾಕಿದ್ದಾರೆ, ಪ್ರೀಲೋಡ್ (ಟೈಟ್ ಮಾಡಿದಾಗ ಬೋಲ್ಟಲ್ಲಿ ಉಳಿಯೋ ಎಳೆತ) ಇಲ್ಲ, ಬೋಲ್ಟ್ ಮೇಲೆ ಏರಿಳಿಯೋ ಲೋಡ್ ಬಿದ್ದು ಫೆಟೀಗ್ ಆಗಿದೆ, ಅವರು ನೋಡಿದ್ರೆ ದೆವ್ವದ ಕಥೆ ಹೇಳ್ತಿದಾರೆ ಅಂತ. ಇಷ್ಟು ಹೇಳಿ ಎರಡು ತುಂಡನ್ನೂ ಟಕ್ ಅಂತ ಜೋಡಿಸಿ ತೋರಿಸ್ತಿದ್ದೆ. ಮುರಿದ ಮುಖಗಳನ್ನ ಒಂದಕ್ಕೊಂದು ತಾಗಿಸ್ಬಾರ್ದು ಅಂತ ಮೊದಲನೇ ಕ್ಲಾಸಲ್ಲೇ ಹೇಳ್ಕೊಟ್ಟಿರೋನೂ ನಾನೇ.

ಈ ಸಲ ಹಿಂದಿನ ಬೆಂಚಿನ ಒಬ್ಬ ಹುಡುಗಿ ನಗ್ಲಿಲ್ಲ. "ಸರ್, ಸಂಜೆ ಟೈಟ್ ಮಾಡಿ ಬೆಳಿಗ್ಗೆ ಮುರಿದಿದ್ರೆ ಲೋಡ್ ಸೈಕಲ್ ಎಲ್ಲಿಂದ ಬಂತು?"

ಗಾಡೀನ ರೋಲರ್ ಮೇಲೆ ಓಡಿಸೋ ಟೆಸ್ಟ್ ಆಗಿತ್ತಮ್ಮ, ಕ್ರ್ಯಾಕ್ ಅಲ್ಲೇ ಶುರುವಾಗಿರತ್ತೆ ಅಂದೆ. ಅವತ್ತು ನನಗೆ ನಾನೇ ಹೇಳ್ಕೊಂಡಿದ್ದೂ ಇದೇ ಮಾತು. ಅವಳು ಬಿಡ್ಲಿಲ್ಲ, ಬೀಚ್ ಮಾರ್ಕ್ (ಫೆಟೀಗ್ ಆದ್ರೆ ಮುರಿದ ಮುಖದಲ್ಲಿ ಸಾಮಾನ್ಯವಾಗಿ ಕಾಣೋ ಅಲೆಯಂಥ ಗೆರೆ) ನೋಡ್ಬೋದಾ ಅಂದ್ಲು. ಸರಿ ಅಂತ ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗಿಟ್ಟು ಪ್ರೊಜೆಕ್ಟರ್‌ಗೆ ಹಾಕ್ದೆ, ನಲವತ್ತು ಜನ ಸ್ಕ್ರೀನ್ ನೋಡ್ತಿದ್ರು, ನಾನು ಫೋಕಸ್ ತಿರುಗಿಸ್ತಾ ಇದೀನಿ ತಿರುಗಿಸ್ತಾ ಇದೀನಿ, ಬೀಚ್ ಮಾರ್ಕ್ ಬರ್ತಾನೇ ಇಲ್ಲ. ಮಧ್ಯದಲ್ಲಿ ಸ್ವಲ್ಪ ಉಜ್ಜಿದ ಜಾಗ, ಅದು ನನ್ನ ಟಕ್ ಟಕ್ ಪ್ರಸಾದ. ಅಂಚಿನಲ್ಲಿ, ತಲೆ ಕೆಳಗಿನ ಫಿಲೆಟ್ (ತಲೆ, ಬೋಲ್ಟಿನ ದಂಡ ಸೇರೋ ದುಂಡು ಮೂಲೆ) ಹತ್ರ, ಕಲ್ಲುಸಕ್ಕರೆ ಒಡೆದ ಹಾಗೆ ಮಿಣ ಮಿಣ. "ಸವೆದುಹೋಗಿದೆ ಅನ್ಸತ್ತೆ" ಅಂದೆ. ಮುಂದಿನ ಬೆಂಚಿಂದ ಒಬ್ಬ ನಿಧಾನಕ್ಕೆ "ಸರ್, ಇದು ಝಿಂಕ್ ಪ್ಲೇಟಿಂಗ್ ಅಲ್ವಾ" ಅಂದ.

ಹೋದ ವಾರ ನಾನೇ ಬೋರ್ಡ್ ಮೇಲೆ ಬರೆದಿದ್ದೆ: 12.9 ಅಂದ್ರೆ ಎಳೆತ ತಡೆಯೋ ಶಕ್ತಿ 1200 ಎಂಪಿಎ, ಹಾರ್ಡ್‌ನೆಸ್ 39ರಿಂದ 44 ಎಚ್‌ಆರ್‌ಸಿ, ಇಂಥದ್ದಕ್ಕೆ ಆಸಿಡ್ ಪಿಕ್ಲಿಂಗ್ (ಆಸಿಡ್‌ನಲ್ಲಿ ಅದ್ದಿ ತೊಳೆಯೋದು), ಝಿಂಕ್‌ನಂಥ ಲೇಪದ ಎಲೆಕ್ಟ್ರೋಪ್ಲೇಟಿಂಗ್ ಮಾಡಿದ್ರೆ ಹೈಡ್ರೋಜನ್ ಒಳಗೆ ಹೋಗಿ ಉಕ್ಕನ್ನ ಪೆಡಸು ಮಾಡತ್ತೆ, ಅದನ್ನ ಓಡಿಸೋಕೆ ತಡ ಮಾಡದೆ 200 ಡಿಗ್ರಿ ಆಸುಪಾಸಲ್ಲಿ ಗಂಟೆಗಟ್ಟಲೆ ಬೇಕ್ ಮಾಡ್ಬೇಕು, ಇಲ್ಲಾಂದ್ರೆ ಟೈಟ್ ಮಾಡಿದ ಕೆಲವು ಗಂಟೆ ಬಿಟ್ಟು, ಯಾರೂ ಮುಟ್ಟದೇ ಇದ್ರೂ ಮುರಿಯತ್ತೆ. ಇಷ್ಟೆಲ್ಲ ಬರೆದ ಕೈಯಲ್ಲೇ ಆ ಬೋಲ್ಟ್ ಇಟ್ಕೊಂಡು ದೆವ್ವದ ಕಥೆ ಹೇಳ್ತಿದ್ದೆ.

ನೋಡಿ ಹೇಳ್ತೀನಿ ಅಂತ ಕ್ಲಾಸ್ ಐದು ನಿಮಿಷ ಮುಂಚೆ ಬಿಟ್ಟೆ.

ಸೆಮ್ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬುಕಿಂಗ್ ಕಥೆ ಬೇಡ. ಕಂಪನೀಲಿದ್ದಾಗ ಪಕ್ಕದ ರೂಮಲ್ಲೇ ಸೆಮ್ ಇತ್ತು, ನಾನು ಹಾಕ್ಲಿಲ್ಲ. ಇಲ್ಲಿ ಮೂರು ಸೈನ್, ಹನ್ನೊಂದು ದಿನ, ಮೇಲೆ "ಇದು ಯಾವ ಕೋರ್ಸ್ ಔಟ್‌ಕಮ್‌ಗೆ ಮ್ಯಾಪ್ ಆಗತ್ತೆ" ಅಂತ ಒಂದು ಕಾಲಂ. ಕೊನೆಗೆ ಇಮೇಜ್ ಬಂತು. ಕ್ರ್ಯಾಕ್ ಶುರುವಾದ ಕಡೆ ಪೂರ್ತಿ ಇಂಟರ್‌ಗ್ರ್ಯಾನ್ಯುಲರ್ (ಲೋಹದ ಹರಳುಗಳ ಸಂದಿಯಲ್ಲೇ ಬಿರುಕು, ಹೈಡ್ರೋಜನ್ ಗುರುತು), ಫೆಟೀಗ್‌ನ ಸೂಕ್ಷ್ಮ ಗೆರೆ, ಸ್ಟ್ರೈಯೇಷನ್, ಒಂದೇ ಒಂದೂ ಇಲ್ಲ.

ಬೋಲ್ಟ್ ಮುರಿದ ಆವತ್ತು ಕಂಪನೀಲಿ ಏನಾಗಿತ್ತು ಅಂದ್ರೆ, ಕಸ್ಟಮರ್ ಹೋಲ್ಡ್ (ಮಾಲು ತಡೆದಿದ್ರು), ಸಂಜೆಯೊಳಗೆ 8ಡಿ (ಎಂಟು ಹಂತದ ಪ್ರಾಬ್ಲಂ ರಿಪೋರ್ಟ್) ಹೋಗ್ಬೇಕು. ಡಿ4ನಲ್ಲಿ, ಅಂದ್ರೆ ಕಾರಣದ ಜಾಗದಲ್ಲಿ, "ಅಂಡರ್ ಟಾರ್ಕ್" ಅಂತ ಹಾಕಿದ್ರೆ ಡಿ5, ಅಂದ್ರೆ ಪರಿಹಾರ, ಸುಲಭ, ಆಪರೇಟರ್ ರೀಟ್ರೇನಿಂಗ್, ಕ್ಲೋಸ್. ಪ್ಲೇಟಿಂಗ್ ಅಂತ ಹಾಕಿದ್ರೆ ಸಪ್ಲೈಯರ್, ಲಾಟ್ ಸಾರ್ಟಿಂಗ್, ರೀಕಾಲ್ ಮಾತು. ಬಾಸ್ ಏನೂ ಹೇಳ್ಲಿಲ್ಲ ಕಣ್ರೀ, ವಾಚ್ ನೋಡ್ಕೊಂಡ್ರು ಅಷ್ಟೇ. ಬೇಕಿಂಗ್ ಚಾರ್ಟ್ ಕಳಿಸಿ ಅಂತ ಸಪ್ಲೈಯರ್‌ಗೆ ಒಂದು ಮೇಲ್ ಸಾಕಿತ್ತು, ಅದನ್ನೂ ಹಾಕದೇ ಸೈನ್ ಮಾಡ್ದೆ.

ಇದಕ್ಕಿಂತ ಚುಚ್ಚೋದು ಇನ್ನೊಂದು. ಹೈಡ್ರೋಜನ್‌ನಿಂದ ಹಾಗೆ ಮುರೀಬೇಕಂದ್ರೆ ಬೋಲ್ಟ್ ಮೇಲೆ ಗಟ್ಟಿ ಪ್ರೀಲೋಡ್ ಇರ್ಬೇಕು, ಸಡಿಲ ಇದ್ದಿದ್ರೆ ಬಹುಶಃ ರಾತ್ರಿ ಮುರೀತಾನೇ ಇರ್ಲಿಲ್ಲ. ಅಂದ್ರೆ ಆ ಆಪರೇಟರ್ ಸರಿಯಾಗಿ ಟೈಟ್ ಮಾಡಿದ್ರು ಅನ್ನೋದಕ್ಕೆ ಸಾಕ್ಷಿ ಇಷ್ಟು ವರ್ಷ ನನ್ನ ಡ್ರಾಯರಲ್ಲೇ ಇತ್ತು.

ಮುಂದಿನ ಕ್ಲಾಸಲ್ಲಿ ಇಮೇಜ್ ಹಾಕಿ ನಡೆದಿದ್ದೆಲ್ಲ ಹೇಳ್ದೆ, ಯಾರೂ ನಗ್ಲಿಲ್ಲ. ಆ ಹುಡುಗಿಗೆ ಮಾರ್ಕ್ಸ್ ಕೊಡೋಣ ಅಂದ್ರೆ ರೂಬ್ರಿಕ್‌ನಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಜಾಗ ಇಲ್ಲ, ರೆಕಾರ್ಡ್ ನೀಟ್‌ನೆಸ್‌ಗೆ ಮಾತ್ರ ಐದು ಮಾರ್ಕ್ಸ್ ಇದೆ.

ಹಳೇ ಕಲೀಗ್ ಹತ್ರ ನಂಬರ್ ಇಸ್ಕೊಂಡು ಆ ಆಪರೇಟರ್‌ಗೆ ಫೋನ್ ಮಾಡ್ದೆ. ರಿಟೈರ್ ಆಗಿದಾರೆ. ಯಾರ್ಡ್, ಬೋಲ್ಟ್, ಗಾಡಿ ಅಂತ ಎಷ್ಟು ಹೇಳಿದ್ರೂ ನೆನಪಾಗ್ಲಿಲ್ಲ. ಆಮೇಲೆ ರೀಟ್ರೇನಿಂಗ್ ಅಂದೆ. ಒಂದು ಕ್ಷಣ ಸುಮ್ನಿದ್ದು ಹೇಳಿದ್ರು: "ಓ, ಇಪ್ಪತ್ತು ವರ್ಷ ಸರ್ವೀಸ್ ಆದ್ಮೇಲೆ ಟಾರ್ಕ್ ವ್ರೆಂಚ್ ಹೇಗೆ ಹಿಡಿಯೋದು ಅಂತ ಮೂರು ದಿನ ಕೂರಿಸಿ ಹೇಳ್ಕೊಟ್ರಲ್ಲ ಸಾರ್, ಅದಾ?"