ಗುಂಡಿ ಬಲಕ್ಕೆ, ಗಿಟಾರ್ ಎಡಕ್ಕೆ

ಬಳ್ಳಾರಿಯ ಕೌಲ್ ಬಜಾರ್ ಕಡೆಗಿದ್ದ ಕ್ಯಾಸೆಟ್ ಅಂಗಡಿಯೊಂದು ಬಾಗಿಲು ಮುಚ್ಚುವ ವಾರ, ಯಾವ ಸಿ.ಡಿ. ತೆಗೆದುಕೊಂಡರೂ ಮೂವತ್ತು ರೂಪಾಯಿ ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ್ದರು. ನಾನು ಹೋಗುವಷ್ಟರಲ್ಲಿ ರಾಜ್‌ಕುಮಾರ್ ಹಾಡುಗಳೂ ದಾಸರ ಪದಗಳೂ ಖಾಲಿ. ಉಳಿದ ರಾಶಿಯಲ್ಲಿ ಸಿಕ್ಕಿದ್ದು ಆಲ್ಬರ್ಟ್ ಕಿಂಗ್ ಎಂಬ, ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡುಗಳ, ಗಿಟಾರ್ ವಾದಕನ ಆಯ್ದ ಹನ್ನೆರಡು ಹಾಡು. ಹೆಸರು ಕೇಳಿರಲಿಲ್ಲ. ಮುಖಪುಟದ ಚಿತ್ರದಲ್ಲಿ ತಪ್ಪಿದೆ ಅನ್ನಿಸಿತು, ಅದಕ್ಕೇ ಕೊಂಡೆ.

ಚಿತ್ರ ತಿರುವುಮುರುವಾಗಿ ಅಚ್ಚಾದಂತಿತ್ತು. ಆತ ಮೀಟುತ್ತಿದ್ದುದು ಎಡಗೈಯಲ್ಲಿ. ನಾನು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ಯಾರನ್ನು ನೋಡಿದರೂ ಮುಖಕ್ಕಿಂತ ಮೊದಲು ಅಂಗಿ ನೋಡುವ ಚಟ. ಗಂಡಸರ ಅಂಗಿಗೆ ಕಾಜಾ ಎಡಮಗ್ಗುಲಿಗೆ, ಗುಂಡಿ ಬಲಕ್ಕೆ. ಚಿತ್ರ ತಿರುಗಿದ್ದರೆ ಗುಂಡಿಯೂ ತಿರುಗಬೇಕಲ್ಲ? ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಗುಂಡಿ ಇರಬೇಕಾದಲ್ಲೇ ಇತ್ತು. ಅಚ್ಚು ಸರಿಯಾಗಿಯೇ ಇದೆ, ಮನುಷ್ಯ ಎಡಚ. ನನ್ನ ಹಾಗೆ.

ಅಗ್ಗದ ಸಂಕಲನ ಅಗ್ಗದ್ದೇ. ಒಳಗೆ ಒಂದೇ ಹಾಳೆ. ಅದರಲ್ಲಿ ವರ್ಷವಿಲ್ಲ, ಜೊತೆಗೆ ನುಡಿಸಿದವರ ಹೆಸರಿಲ್ಲ. ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೊ, ಬುಕರ್ ಟಿ. ಜೋನ್ಸ್‌ನ ತಂಡ, ಸ್ಟೀವ್ ಕ್ರಾಪರ್‌ನ ಗಿಟಾರ್, ಆಲ್ ಜಾಕ್ಸನ್‌ನ ಡ್ರಮ್, ಇವೆಲ್ಲ ಎಷ್ಟೋ ವರ್ಷದ ಮೇಲೆ ಮೊಬೈಲ್ ಬಂದಾಗ ತಿಳಿದ ಸಂಗತಿಗಳು. ಹಾಡಿಗೆ ಬರುವ ಮೊದಲು ಆಲ್ಬರ್ಟ್ ಕಿಂಗ್ ಬುಲ್ಡೋಜರ್ ಓಡಿಸುತ್ತಿದ್ದನಂತೆ. 'ಮಖಮಲ್ಲಿನ ಬುಲ್ಡೋಜರ್' ಎಂದೇ ಅಡ್ಡಹೆಸರು. ಸಂಡೂರಿನ ಗಣಿಯಲ್ಲಿ ಡೋಜರ್ ಓಡಿಸುತ್ತಿದ್ದ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ, "ಅವನ ಬೆನ್ನು ಸರಿಯಾಗಿತ್ತಂತೇನು?" ಎಂದಷ್ಟೇ ಕೇಳಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಂತಿಯ ವಿಚಾರ. ಬಲಗೈಯವರ ಗಿಟಾರನ್ನು ಆತ ತಂತಿ ಬದಲಿಸದೆ ಹಾಗೇ ತಲೆಕೆಳಗಾಗಿ ಹಿಡಿದ. ದಪ್ಪ ತಂತಿ ಕೆಳಕ್ಕೆ ಹೋಯಿತು, ತೆಳು ತಂತಿ ಮೇಲಕ್ಕೆ ಬಂತು. ಸ್ವರ ಏರಿಸಬೇಕಾದರೆ ಉಳಿದವರು ಆ ತೆಳು ತಂತಿಯನ್ನು ಮೇಲಕ್ಕೆ ದೂಡುತ್ತಾರೆ; ಈತ ಅಂಗೈಯ ಕಡೆಗೆ, ಕೆಳಕ್ಕೆ ಎಳೆಯುತ್ತಾನೆ. ದೂಡುವುದಕ್ಕಿಂತ ಎಳೆಯುವುದರಲ್ಲಿ ಬಲ ಹೆಚ್ಚೆಂದು ಬಾವಿಯಲ್ಲಿ ನೀರು ಸೇದಿದವರಿಗೆ ಹೇಳಬೇಕಿಲ್ಲ. ಮೀಟಲು ಕಡ್ಡಿಯೂ ಇಲ್ಲ, ಬರಿಯ ಹೆಬ್ಬೆರಳು. ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಕೇಳಿ ಬೆಳೆದ ಕಿವಿಗೆ ಆ ಜಾರು ಹೊಸದೇನಲ್ಲ. ಆದರೆ ಒಂದು ಸ್ವರ ಇನ್ನೊಂದನ್ನು ಮುಟ್ಟುವ ಮೊದಲು ಇಷ್ಟು ನರಳುವುದನ್ನು ನಾನು ಕೇಳಿರಲಿಲ್ಲ.

ನನ್ನ ಕತ್ತರಿಯದೂ ಇದೇ ಕತೆ. ಪದರ ಪದರವಾಗಿ ಹಾಸಿದ ಡೆನಿಮ್ ಕತ್ತರಿಸಲು ಮಷಿನ್ ಇದೆ. ಸ್ಯಾಂಪಲ್‌ಗೆ ಕತ್ತರಿಯೇ ಬೇಕು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ, ಬಟ್ಟೆ ಮಡಚಿಕೊಳ್ಳುತ್ತದೆ, ಚಾಕ್‌ಪೀಸಿನ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಹೆಬ್ಬೆರಳನ್ನು ಅಂಗೈಯ ಕಡೆಗೆ ಎಳೆದು ಹಿಡಿದರೆ ಮಾತ್ರ ಕಡಿಯುತ್ತದೆ. ಈ ಗುಟ್ಟು ತಿಳಿಯಲು ನನಗೆ ಎರಡು ವರ್ಷ, ಉಸ್ತಾದರಿಂದ ತಲೆಯ ಮೇಲೆ ಬಿದ್ದ ಏಟುಗಳು ಲೆಕ್ಕಕ್ಕಿಲ್ಲ.

ಮೊದಲ ಹಾಡು 1967ರ 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್'. ಕೆಟ್ಟ ನಕ್ಷತ್ರದಲ್ಲಿ ಹುಟ್ಟಿದವನ ಗೋಳು. ಬರೆದದ್ದು ವಿಲಿಯಂ ಬೆಲ್ ಮತ್ತು ಬುಕರ್ ಟಿ.; ಮರುವರ್ಷವೇ ಇಂಗ್ಲೆಂಡಿನ ಕ್ರೀಮ್ ತಂಡ ಅದನ್ನು ತನ್ನದಾಗಿಸಿಕೊಂಡಿತು. ಹಾಡಿನ ಅರ್ಥ ಹೇಳಿದಾಗ ಅವ್ವ, "ಮೂಲಾ ನಕ್ಷತ್ರವೇ ಇರಬೇಕು" ಎಂದಳು. ನಾನು ಹುಟ್ಟಿದ್ದೂ ಅದರಲ್ಲೇ. ಅದಕ್ಕೇ ಎಡಗೈ ಬಂತೆಂದು ಅವಳ ವಾದ.

ಸಂಕಲನ ಮಾಡಿದವರ ಮೇಲೆ ನನಗೆ ಒಂದೇ ಸಿಟ್ಟು. 1972ರ 'ಐ ವಿಲ್ ಪ್ಲೇ ದ ಬ್ಲೂಸ್ ಫಾರ್ ಯೂ' ಏಳು ನಿಮಿಷ ದಾಟುವ ಹಾಡು. ಈ ಸಿ.ಡಿ.ಯಲ್ಲಿ ಇದ್ದದ್ದು ಅದರ ಮೊದಲ ಭಾಗ ಮಾತ್ರ. ಒಂಟಿಯಾಗಿದ್ದೀಯಾ, ಬಾ, ಕೂರು ಎಂದು ಕರೆದವನು ನಾವು ಕೂರುವಷ್ಟರಲ್ಲಿ ಎದ್ದು ಹೋದ ಹಾಗೆ. ಪ್ಯಾಂಟಿಗೆ ಒಂದೇ ಕಾಲು ಹೊಲಿದು ಕೊಟ್ಟರೆ ನಮ್ಮನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಈಗ ಪೂರ್ತಿ ಹಾಡು ಮೊಬೈಲಿನಲ್ಲಿ ಸಿಗುತ್ತದೆ. ಆದರೂ ಸಿ.ಡಿ. ಮುಗಿಯುತ್ತಿದ್ದ ಜಾಗ ಬಂದಾಗ ಕೈ ತಾನಾಗಿ ಮುಂದಿನ ಕೆಲಸಕ್ಕೆ ಹೋಗುತ್ತದೆ.

ಹೋದ ತಿಂಗಳು ಮಗಳು ಎಡಗೈಯವರಿಗೆಂದೇ ಮಾಡಿದ ಕತ್ತರಿ ತರಿಸಿಕೊಟ್ಟಳು. ಅಲಗು ಸರಿ, ಗೆರೆ ಕಣ್ಣಿಗೆ ನೇರ. ಮೊದಲ ಸ್ಯಾಂಪಲ್ ಅರ್ಧ ಇಂಚು ಸೊಟ್ಟಗೆ ಕತ್ತರಿಸಿದೆ. ಹೆಬ್ಬೆರಳು ಹಳೆಯ ಚಾಳಿಯಂತೆ ಒಳಕ್ಕೆ ಎಳೆಯುತ್ತಿತ್ತು. ಆಲ್ಬರ್ಟ್ ಕಿಂಗ್‌ಗೂ 1972ರಲ್ಲಿ ಡ್ಯಾನ್ ಅರ್ಲ್‌ವೈನ್ ಎಂಬ ಕುಶಲಕರ್ಮಿ ಎಡಗೈಗೆ ಒಪ್ಪುವ ಗಿಟಾರ್ ಮಾಡಿಕೊಟ್ಟಿದ್ದ. ಆತ ಅದಕ್ಕೂ ತಂತಿಗಳನ್ನು ತಲೆಕೆಳಗಾಗಿಯೇ ಕಟ್ಟಿಸಿಕೊಂಡ.

ಹೊಸ ಕತ್ತರಿಯನ್ನು ಘಟಕಕ್ಕೆ ಈಚೆಗೆ ಸೇರಿದ ಎಡಚ ಹುಡುಗನಿಗೆ ಕೊಟ್ಟಿದ್ದೇನೆ. ಅದರಿಂದ ಅವನು ಈಗಾಗಲೇ ನನಗಿಂತ ನೇರವಾಗಿ ಕತ್ತರಿಸುತ್ತಾನೆ.